ಸರ್ವರ್‌ನಲ್ಲಿ ಪಾಸ್, ಬ್ರೌಸರ್‌ನಲ್ಲಿ ಫೇಲ್: ಟೈಪ್‌ಸ್ಕ್ರಿಪ್ಟ್ ಕ್ರಿಪ್ಟೊ ಲೈಬ್ರರಿ ಕಟ್ಟಿದ ಅನುಭವ

ಹೇಳಲು ಹೋದರೆ ಕೆಲಸ ಚಿಕ್ಕದು. ಪಾಸ್‌ವರ್ಡ್ ಮತ್ತು ಪಠ್ಯ ಕೊಟ್ಟರೆ ಎನ್‌ಕ್ರಿಪ್ಟ್ ಆದ ಒಂದು ಸಾಲು ಬರಬೇಕು. ಅದನ್ನು ಬ್ರೌಸರ್ ಬರೆದಿದ್ದರೆ ಸರ್ವರ್ ಬಿಡಿಸಬೇಕು, ಸರ್ವರ್ ಬರೆದಿದ್ದರೆ ಬ್ರೌಸರ್ ಬಿಡಿಸಬೇಕು. ಜೊತೆಗೆ ಡಿಜಿಟಲ್ ಸಹಿ ಹಾಕಲು ಒಂದು ಫಂಕ್ಷನ್, ಸಹಿ ಸರಿಯೇ ಎಂದು ನೋಡಲು ಇನ್ನೊಂದು. ಟೈಪ್‌ಸ್ಕ್ರಿಪ್ಟ್‌ನಲ್ಲಿ (ಟೈಪ್‌ಗಳನ್ನು ಸೇರಿಸಿದ ಜಾವಾಸ್ಕ್ರಿಪ್ಟ್) ಕೋಡ್ ಬರೆದು ಮುಗಿಸಲು ಒಂದು ವಾರ ಸಾಕಾಯಿತು. ಅದು ಎರಡೂ ಕಡೆ ಒಂದೇ ರೀತಿ ನಡೆಯುತ್ತದೆ ಎಂದು ಧೈರ್ಯವಾಗಿ ಹೇಳುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಅಷ್ಟೂ ದಿನ ಗಣಿತ ಒಮ್ಮೆಯೂ ಕೈಕೊಡಲಿಲ್ಲ. ಕೈಕೊಟ್ಟದ್ದೆಲ್ಲ ಬೈಟ್‌ಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಜಾಗದಲ್ಲಿ.

ಮೊದಲು ಆರಿಸಬೇಕಾದದ್ದು ಅಲ್ಗಾರಿದಮ್. ಇಲ್ಲಿ ಯಾವುದು ಒಳ್ಳೆಯದು ಎನ್ನುವುದಕ್ಕಿಂತ ಯಾವುದು ಎರಡೂ ಕಡೆ ಇದೆ ಎನ್ನುವುದೇ ಮುಖ್ಯವಾಗುತ್ತದೆ. ಪಾಸ್‌ವರ್ಡ್‌ನಿಂದ ಕೀಲಿ ತೆಗೆಯಲು ಎಸ್‌ಕ್ರಿಪ್ಟ್ ಎಂಬ ಅಲ್ಗಾರಿದಮ್ ನೋಡ್‌ನಲ್ಲಿ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್) ಸಿದ್ಧವಾಗಿ ಕೂತಿದೆ. ಆದರೆ ಬ್ರೌಸರ್‌ಗಳಲ್ಲೇ ಇರುವ ಕ್ರಿಪ್ಟೊ ಸೌಲಭ್ಯವಾದ, 2017ರ ಜನವರಿಯಲ್ಲಿ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸಾದ ವೆಬ್ ಕ್ರಿಪ್ಟೊದಲ್ಲಿ ಅದಿಲ್ಲ. ಅಲ್ಲಿರುವುದು ಪಿಬಿಕೆಡಿಎಫ್2. ಹೆಚ್ಚು ಮೆಮೊರಿ ಬೇಡದ ಈ ಅಲ್ಗಾರಿದಮ್ ಗ್ರಾಫಿಕ್ಸ್ ಕಾರ್ಡ್‌ಗಳ ದಾಳಿಗೆ ಸುಲಭವಾಗಿ ಸಿಗುವುದರಿಂದ ಸುತ್ತುಗಳ (ಒಂದೇ ಲೆಕ್ಕವನ್ನು ಮರಳಿ ಮರಳಿ ಮಾಡುವ) ಸಂಖ್ಯೆಯನ್ನೇ ಏರಿಸಬೇಕು. ಶಾ-256 ಹ್ಯಾಶ್ ಬಳಸುವಾಗ ವೆಬ್ ಸುರಕ್ಷತೆಯ ಸಂಸ್ಥೆ ಒವಾಸ್ಪ್ ಸೂಚಿಸುವುದು 6,00,000 ಸುತ್ತು. ಸಹಿಗೆ ಇಡಿ25519 ಬಳಸುವ ಆಸೆಯಿತ್ತು. ಅದು ಸಫಾರಿಗೆ 17ನೇ ಆವೃತ್ತಿಯಲ್ಲಿ, ಫೈರ್‌ಫಾಕ್ಸ್‌ಗೆ 129ರಲ್ಲಿ ಬಂತು. ಕ್ರೋಮ್‌ನಲ್ಲಿ ತಾನಾಗಿ ಆನ್ ಆದದ್ದು 2025ರ 137ನೇ ಆವೃತ್ತಿಯಲ್ಲಿ. ಹಳೆಯ ಫೋನ್‌ಗಳನ್ನು ಬಿಡುವಂತಿಲ್ಲವಾದ್ದರಿಂದ ಪಿ-256 ಇಸಿಡಿಎಸ್‌ಎಗೆ ಇಳಿದದ್ದಾಯಿತು. ಎನ್‌ಕ್ರಿಪ್ಶನ್‌ಗೆ 256 ಬಿಟ್ ಕೀಲಿಯ ಎಇಎಸ್-ಜಿಸಿಎಂ. 128 ಮತ್ತು 256ರ ನಡುವಿನ 192 ಬಿಟ್ ಗಾತ್ರವನ್ನು ಯಾರಾದರೂ ಕೇಳಿದರೆ ಬೇಡವೆನ್ನಿ. ನೋಡ್‌ನಲ್ಲಿ ಸಲೀಸಾಗಿ ಓಡುತ್ತದೆ, ಕ್ರೋಮ್ ಒಪ್ಪುವುದಿಲ್ಲ.

ಶುದ್ಧ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಒಳ್ಳೆಯ ಲೈಬ್ರರಿಗಳಿವೆ, ಅವುಗಳಲ್ಲಿ ಎಲ್ಲ ಅಲ್ಗಾರಿದಮ್‌ಗಳೂ ಸಿಗುತ್ತವೆ, ನಿಜ. ಆದರೆ ಜಾವಾಸ್ಕ್ರಿಪ್ಟ್ ಎಂಜಿನ್ ಒಂದು ಲೆಕ್ಕ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಬಗ್ಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಕೀಲಿ ಕೂಡ ಸಾದಾ ಅರೇಯಲ್ಲಿ ಬಿದ್ದಿರುತ್ತದೆ. ವೆಬ್ ಕ್ರಿಪ್ಟೊದಲ್ಲಾದರೆ ಹೊರತೆಗೆಯಲಾಗದ ಕೀಲಿಯನ್ನು ಮಾಡಿ, ಬೇಕಾದರೆ ಇಂಡೆಕ್ಸ್ಡ್‌ಡಿಬಿಯಲ್ಲಿ ಹಾಗೆಯೇ ಇಟ್ಟುಬಿಡಬಹುದು. ಈ ಒಂದು ಅನುಕೂಲಕ್ಕಾಗಿಯೇ ಅತ್ತ ವಾಲಿದ್ದು.

ಕೋಡ್‌ಗೆ ಕೈಹಾಕುವ ಮೊದಲು ಲಕೋಟೆಯ, ಎಂದರೆ ಎನ್‌ಕ್ರಿಪ್ಟ್ ಆಗಿ ಹೊರಬರುವ ಆ ಒಂದು ಸಾಲಿನ, ವಿನ್ಯಾಸವನ್ನು ಕಾಗದದ ಮೇಲೆ ಬರೆದುಕೊಂಡದ್ದು ಮುಂದೆ ಬಹಳ ಉಪಕಾರವಾಯಿತು. ಆವೃತ್ತಿಗೆ 1 ಬೈಟ್, ಅಲ್ಗಾರಿದಮ್ ಗುರುತಿಗೆ 1, ಸುತ್ತುಗಳ ಸಂಖ್ಯೆಗೆ 4, ಸಾಲ್ಟ್‌ಗೆ (ಕೀಲಿ ತೆಗೆಯುವಾಗ ಪಾಸ್‌ವರ್ಡ್ ಜೊತೆ ಸೇರಿಸುವ ಯಾದೃಚ್ಛಿಕ ಬೈಟ್‌ಗಳು) 16, ನಾನ್ಸ್‌ಗೆ (ಒಂದೇ ಕೀಲಿಯಲ್ಲಿ ಎರಡು ಸಲ ಬಳಸಬಾರದ ಸಂಖ್ಯೆ) 12. ಒಟ್ಟು 34 ಬೈಟ್ ತಲೆಬರಹ. ಅದರ ಹಿಂದೆ ಎನ್‌ಕ್ರಿಪ್ಟ್ ಆದ ಪಠ್ಯ, ಕೊನೆಗೆ, ಯಾರೂ ತಿದ್ದಿಲ್ಲ ಎಂದು ತೋರಿಸುವ 16 ಬೈಟ್ ದೃಢೀಕರಣ ಟ್ಯಾಗ್. ಅಂದರೆ ಪಠ್ಯ ಎಷ್ಟೇ ಇರಲಿ, ಮೇಲೆ 50 ಬೈಟ್ ಖರ್ಚು. 'ಕನ್ನಡ' ಎಂಬ ಪದಕ್ಕೆ ಯುಟಿಎಫ್-8ರಲ್ಲಿ 15 ಬೈಟ್. ಅದರ ಲಕೋಟೆ 65 ಬೈಟ್. ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ, ಯುಆರ್‌ಎಲ್‌ಗೆ ಒಗ್ಗುವ ಬೇಸ್64ರಲ್ಲಿ 87 ಅಕ್ಷರ. ಈ ಮೂರು ಸಂಖ್ಯೆಗಳನ್ನು ಟೆಸ್ಟ್‌ನಲ್ಲಿ ನೇರವಾಗಿ ಬರೆದಿಟ್ಟರೆ ಅರ್ಧಕ್ಕರ್ಧ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ. ಪೂರ್ತಿ ತಲೆಬರಹವನ್ನು ಜಿಸಿಎಂಗೆ ಹೆಚ್ಚುವರಿ ದೃಢೀಕೃತ ದತ್ತಾಂಶವಾಗಿ ಕೊಡಬೇಕು. ಇಲ್ಲದಿದ್ದರೆ ಆವೃತ್ತಿಯ ಬೈಟನ್ನು ಯಾರು ತಿದ್ದಿದರೂ ಗೊತ್ತಾಗುವುದಿಲ್ಲ.

ಪ್ರತಿ ಲಕೋಟೆಗೂ ಹೊಸ ಸಾಲ್ಟ್ ಇರುವುದರಿಂದ ಕೀಲಿಯೂ ಪ್ರತಿ ಸಲ ಹೊಸದು. ಒಂದೇ ಕೀಲಿಯನ್ನು ಮತ್ತೆ ಮತ್ತೆ ಬಳಸುವ ಫಂಕ್ಷನ್ ಕೂಡ ಕೊಡುವುದಾದರೆ, ಯಾದೃಚ್ಛಿಕ 96 ಬಿಟ್ ನಾನ್ಸ್‌ಗೆ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಹಾಕಿರುವ ಮಿತಿಯನ್ನು ದಾಖಲೆಯಲ್ಲಿ ಬರೆಯಿರಿ: ಒಂದು ಕೀಲಿಗೆ 2ರ 32ನೇ ಘಾತದಷ್ಟು, ಎಂದರೆ ಸುಮಾರು 429 ಕೋಟಿ ಸಂದೇಶ.

ಎರಡು ಎಂಜಿನ್ ಇಟ್ಟ ತಪ್ಪು

ಮೊದಲ ಕರಡಿನಲ್ಲಿ ಒಂದೇ ಇಂಟರ್‌ಫೇಸ್‌ನ ಹಿಂದೆ ಎರಡು ಎಂಜಿನ್‌ಗಳಿದ್ದವು. ಬ್ರೌಸರ್‌ಗೆ ವೆಬ್ ಕ್ರಿಪ್ಟೊ, ಸರ್ವರ್‌ಗೆ ನೋಡ್‌ನ ಹಳೆಯ ಕ್ರಿಪ್ಟೊ ಮಾಡ್ಯೂಲ್. ಹಳೆಯದು ಸಿಂಕ್ರೊನಸ್ ಆಗಿಯೂ ಓಡುತ್ತದೆ, ಕೈಗೆ ಪಳಗಿದ್ದು. ಎರಡೂ ಬೇರೆ ಬೇರೆಯಾಗಿ ಎಲ್ಲ ಟೆಸ್ಟ್ ಪಾಸಾದವು. ಒಂದರ ಲಕೋಟೆಯನ್ನು ಇನ್ನೊಂದಕ್ಕೆ ಕೊಟ್ಟ ದಿನ ಒಂದೂ ತೆರೆಯಲಿಲ್ಲ.

ಕಾರಣ ಒಂದಲ್ಲ, ಮೂರು. ಜಿಸಿಎಂ ಟ್ಯಾಗನ್ನು ವೆಬ್ ಕ್ರಿಪ್ಟೊ ಪಠ್ಯದ ಬಾಲಕ್ಕೇ ಅಂಟಿಸಿ ಕೊಡುತ್ತದೆ. ಹಳೆಯ ಮಾಡ್ಯೂಲ್‌ನಲ್ಲಿ ಗೆಟ್‌ಆತ್‌ಟ್ಯಾಗ್ ಎಂದು ಬೇರೆಯಾಗಿ ಕೇಳಿ ಪಡೆಯಬೇಕು. ಬಿಡಿಸುವಾಗ ಕೊನೆಯ 16 ಬೈಟ್ ಕತ್ತರಿಸಿ ಸೆಟ್‌ಆತ್‌ಟ್ಯಾಗ್‌ಗೆ ಕೊಡಬೇಕು. ಈ ಕತ್ತರಿಸುವ ಸಾಲಿನಲ್ಲೇ ದೊಡ್ಡ ಗುಂಡಿಯಿದೆ. ಕೊನೆಯಿಂದ 16 ಎಂದು ಸ್ಲೈಸ್ ಮಾಡಿದಾಗ ಅಲ್ಲಿ ನಾಲ್ಕೇ ಬೈಟ್ ಇದ್ದರೆ ಸ್ಲೈಸ್ ದೂರು ಹೇಳುವುದಿಲ್ಲ, ನಾಲ್ಕನ್ನೇ ಕೊಡುತ್ತದೆ. ಟ್ಯಾಗ್‌ನ ಉದ್ದವನ್ನು ಮೊದಲೇ ಗೊತ್ತುಮಾಡದಿದ್ದರೆ ಹಳೆಯ ಮಾಡ್ಯೂಲ್ ನಾಲ್ಕು ಬೈಟ್‌ನ ಟ್ಯಾಗನ್ನೂ ಒಪ್ಪುತ್ತಿತ್ತು. 128 ಬಿಟ್‌ನ ಕಾವಲು ಸದ್ದಿಲ್ಲದೆ 32 ಬಿಟ್‌ಗೆ ಇಳಿದಂತೆ. ಹೊಸ ನೋಡ್ ಆವೃತ್ತಿಗಳು ಇದಕ್ಕೆ ಎಚ್ಚರಿಕೆ ಕೊಡುತ್ತವೆ. ನೀವು ಮಾತ್ರ ಎಚ್ಚರಿಕೆಯನ್ನು ನಂಬಿ ಕೂರದೆ ಆತ್‌ಟ್ಯಾಗ್‌ಲೆಂತ್ 16 ಎಂದು ಬರೆಯಿರಿ, 50 ಬೈಟ್‌ಗಿಂತ ಚಿಕ್ಕ ಲಕೋಟೆಯನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿ.

ಎರಡನೆಯದು ಸಹಿ. ಪಿ-256ರ ಸಹಿ ಎಂದರೆ ಎರಡು ದೊಡ್ಡ ಸಂಖ್ಯೆಗಳು. ವೆಬ್ ಕ್ರಿಪ್ಟೊ ಅವನ್ನು ಒಂದರ ಪಕ್ಕ ಒಂದಿಟ್ಟು ಯಾವಾಗಲೂ 64 ಬೈಟ್ ಕೊಡುತ್ತದೆ. ನೋಡ್ ತಾನಾಗಿ ಕೊಡುವುದು ಪ್ರತಿ ಸಂಖ್ಯೆಯ ಉದ್ದವನ್ನೂ ಜೊತೆಗೇ ಬರೆಯುವ ಡಿಇಆರ್ ರೂಪ, ಸಾಮಾನ್ಯವಾಗಿ 70ರಿಂದ 72 ಬೈಟ್. ಸಂಖ್ಯೆಯ ಮೊದಲ ಬಿಟ್ 1 ಆಗಿದ್ದರೆ ಮುಂದೊಂದು ಸೊನ್ನೆ ಬೈಟ್ ಸೇರುವುದರಿಂದ ಉದ್ದ ಹೀಗೆ ಕುಣಿಯುತ್ತದೆ. ರೂಪ ತಪ್ಪಿದರೆ ದೋಷ ಬರುವುದಿಲ್ಲ; ಸಹಿ ಸುಳ್ಳು ಎಂಬ ಉತ್ತರ ಮಾತ್ರ. ಹಾಗಾಗಿ ಕೀಲಿಯನ್ನೇ ಅನುಮಾನಿಸುತ್ತ ಒಂದಿಡೀ ದಿನ ಹೋಯಿತು. ನೋಡ್‌ನ ಡಿಎಸ್‌ಎ-ಎನ್‌ಕೋಡಿಂಗ್ ಆಯ್ಕೆಗೆ ಐಇಇಇ-ಪಿ1363 ಎಂದು ಕೊಟ್ಟರೆ ಎರಡೂ ಒಂದಾಗುತ್ತವೆ.

ಮೂರನೆಯದು ನೋಡಲು ತಮಾಷೆ, ಪರಿಣಾಮದಲ್ಲಿ ಎಲ್ಲಕ್ಕಿಂತ ಘೋರ. ಒಂದು ಕೀಲಿಯಿಂದ ಬೇರೆ ಕೀಲಿಗಳನ್ನು ಹುಟ್ಟಿಸುವ ಎಚ್‌ಕೆಡಿಎಫ್‌ನಿಂದ ಉಪಕೀಲಿ ತೆಗೆಯುವಾಗ ನೋಡ್‌ನ ಹಳೆಯ ಫಂಕ್ಷನ್ ಉದ್ದವನ್ನು ಬೈಟ್‌ನಲ್ಲಿ ಕೇಳುತ್ತದೆ, ವೆಬ್ ಕ್ರಿಪ್ಟೊದ ಡಿರೈವ್‌ಬಿಟ್ಸ್ ಹೆಸರೇ ಹೇಳುವಂತೆ ಬಿಟ್‌ನಲ್ಲಿ. 32 ಎಂದು ಬರೆದರೆ ಅತ್ತ 32 ಬೈಟ್, ಇತ್ತ 4 ಬೈಟ್. ಎಇಎಸ್ ಕೀಲಿಯಾಗಿ ನಾಲ್ಕು ಬೈಟ್ ಕೊಟ್ಟರೆ ತಕ್ಷಣ ದೋಷ ಬರುತ್ತದೆ. ಕೀಲಿಯಿಂದ ಸಂದೇಶಕ್ಕೆ ಗುರುತು ಹಾಕುವ ಎಚ್‌ಮ್ಯಾಕ್ ಹಾಗಲ್ಲ, ಖಾಲಿಯಲ್ಲದ ಯಾವ ಉದ್ದವಾದರೂ ಅದಕ್ಕೆ ಸರಿ. ಬ್ರೌಸರ್ ತಾನೇ ಹಾಕಿದ ಗುರುತನ್ನು ತಾನೇ ನೋಡಿ ಸರಿಯೆನ್ನುತ್ತಿತ್ತು. ಆರ್‌ಎಫ್‌ಸಿ 4231 ಎಂಬ ಮಾನಕ ದಾಖಲೆಯ ಪರೀಕ್ಷಾ ಮಾದರಿಗಳೂ ಪಾಸು, ಏಕೆಂದರೆ ಅವು ಕೀಲಿಯನ್ನು ತಾವೇ ತಂದುಕೊಡುತ್ತವೆ. ಇನ್ನೊಂದು ಎಂಜಿನ್ ಇಲ್ಲದಿದ್ದರೆ 32 ಬಿಟ್ ಕೀಲಿಯ ಆ ಎಚ್‌ಮ್ಯಾಕ್ ಹಾಗೆಯೇ ಬಿಡುಗಡೆಯಾಗುತ್ತಿತ್ತು.

ಅಲ್ಲಿಂದ ದಾರಿ ಬದಲಾಯಿತು. ಲೈಬ್ರರಿಯೊಳಗೆ ವೆಬ್ ಕ್ರಿಪ್ಟೊ ಒಂದೇ ಉಳಿಯಿತು. ಹಳೆಯ ಮಾಡ್ಯೂಲ್‌ನ ಕೋಡ್ ಟೆಸ್ಟ್ ಫೋಲ್ಡರ್‌ಗೆ ಹೋಗಿ ಸಾಕ್ಷಿಯಾಗಿ ನಿಂತಿತು. ಈಗ ಪ್ರತಿ ಟೆಸ್ಟ್‌ನಲ್ಲೂ ಲೈಬ್ರರಿ ಒಂದು ಉತ್ತರ ಹೇಳುತ್ತದೆ, ಸಾಕ್ಷಿ ತನ್ನ ಉತ್ತರ ಹೇಳುತ್ತದೆ, ಎರಡರ ಬೈಟ್‌ಗಳು ತಾಳೆಯಾಗಬೇಕು. ಇದಕ್ಕಾಗಿ ನೋಡ್‌ನ ಕನಿಷ್ಠ ಆವೃತ್ತಿಯನ್ನು 20ಕ್ಕೆ ಏರಿಸಬೇಕಾಯಿತು. 18ರಲ್ಲಿ ಜಾಗತಿಕ ಕ್ರಿಪ್ಟೊ ಆಬ್ಜೆಕ್ಟ್ ಫ್ಲ್ಯಾಗ್ ಇಲ್ಲದೆ ಸಿಗುವುದಿಲ್ಲ, ಮಾಡ್ಯೂಲ್‌ನಿಂದ ಆಮದು ಮಾಡಿಕೊಳ್ಳಬೇಕು. ಆ ಒಂದು ಆಮದು ಸಾಲು ಇದ್ದರೆ ಸಾಕು, ಬ್ರೌಸರ್‌ಗಾಗಿ ಕೋಡ್ ಒಟ್ಟುಗೂಡಿಸುವ ಬಂಡಲರ್‌ಗಳು ತಕರಾರು ಶುರುಮಾಡುತ್ತವೆ. ವೆಬ್‌ಪ್ಯಾಕ್ 5ರಿಂದ ಮುಂದೆ ನೋಡ್ ಮಾಡ್ಯೂಲ್‌ಗಳಿಗೆ ಬದಲಿ ಕೋಡ್ ತಾನಾಗಿ ಸೇರುವುದಿಲ್ಲ.

8,242 ಬೈಟ್‌ನ ಲಕೋಟೆ

ನೋಡ್‌ನಲ್ಲಿ ಓಡಿಸುತ್ತಿದ್ದ ಒಂದು ಟೆಸ್ಟ್‌ನಲ್ಲಿ 65 ಬೈಟ್ ಬರಬೇಕಾದ ಕಡೆ 8,242 ಬೈಟ್ ಬಂತು. 8,192ಕ್ಕೆ 50 ಸೇರಿಸಿದರೆ 8,242. ಬೈಟ್‌ಗಳನ್ನು ಇಡುವ ನೋಡ್‌ನ ಬಫರ್ ಸಣ್ಣ ಪಠ್ಯಗಳಿಗೆ ಪ್ರತಿ ಸಲ ಹೊಸ ಜಾಗ ಕೇಳುವುದಿಲ್ಲ. 8 ಕಿಲೋಬೈಟ್‌ನ ಸಾಮಾನ್ಯ ಕೊಳವೊಂದರಿಂದ ತುಂಡು ಕೊಡುತ್ತದೆ. ಟೆಸ್ಟ್‌ನಲ್ಲಿ ಬಫರ್‌ನ ಬದಲು ಅದರ ಒಳಗಿನ ಅರೇಬಫರನ್ನು ಫಂಕ್ಷನ್‌ಗೆ ಕೊಟ್ಟಿತ್ತು. ಹಾಗಾಗಿ ಇಡೀ ಕೊಳವೇ ಎನ್‌ಕ್ರಿಪ್ಟ್ ಆಗಿ ಹೊರಟಿತ್ತು. ಆ ಕೊಳದಲ್ಲಿ ಅದೇ ಪ್ರಕ್ರಿಯೆಯ ಬೇರೆ ಯಾವುದೋ ಟೋಕನ್, ಬೇರೆ ಯಾರದೋ ಪಾಸ್‌ವರ್ಡ್ ಇರಬಹುದು. ಲಕೋಟೆ ಬಿಡಿಸಿದವನಿಗೆ ಅದೆಲ್ಲ ಸಿಗುತ್ತದೆ. ಬ್ರೌಸರ್‌ನಲ್ಲಿ ಟೆಕ್ಸ್ಟ್‌ಎನ್‌ಕೋಡರ್ ಬಳಸುವುದರಿಂದ ಈ ಸಮಸ್ಯೆ ಅಲ್ಲಿ ಎಂದೂ ಕಾಣುವುದಿಲ್ಲ. ಉದ್ದವನ್ನು ಅಳೆಯುವ ಟೆಸ್ಟ್ ಇಲ್ಲದಿದ್ದರೆ ಸರ್ವರ್‌ನಲ್ಲೂ ಕಾಣುವುದಿಲ್ಲ.

ಅದರ ಬೆನ್ನಿಗೇ ಇನ್ನೊಂದು. ಜಾವಾಸ್ಕ್ರಿಪ್ಟ್‌ನ ಬೈಟ್ ಪಟ್ಟಿಯಾದ ಯುಇಂಟ್8ಅರೇಯ ಸ್ಲೈಸ್ ನಕಲು ಮಾಡಿ ಕೊಡುತ್ತದೆ, ಬಫರ್‌ನ ಸ್ಲೈಸ್ ಅದೇ ಮೆಮೊರಿಯನ್ನು ತೋರಿಸುತ್ತದೆ. ಬಫರ್ ಯುಇಂಟ್8ಅರೇಯ ಉಪವರ್ಗವಾದ್ದರಿಂದ ಟೈಪ್‌ಸ್ಕ್ರಿಪ್ಟ್‌ಗೆ ಇವೆರಡರ ವ್ಯತ್ಯಾಸ ತಿಳಿಯದು. ಕೆಲಸ ಮುಗಿದ ಮೇಲೆ ನಕಲನ್ನು ಸೊನ್ನೆಗಳಿಂದ ಒರೆಸುವ ಸಾಲು ಬರೆದರೆ, ಸರ್ವರ್‌ನಲ್ಲಿ ಬಳಕೆದಾರ ಕೊಟ್ಟ ಮೂಲ ಬಫರೇ ಸೊನ್ನೆಯಾಗಿಬಿಡುತ್ತದೆ. ಲೈಬ್ರರಿಯ ಹೊಸ್ತಿಲಲ್ಲಿ ಬಂದದ್ದನ್ನೆಲ್ಲ ಹೊಸ ಯುಇಂಟ್8ಅರೇಗೆ ನಕಲು ಮಾಡಿಕೊಂಡು ಮುಂದುವರಿಯುವುದೇ ಇದಕ್ಕೆ ಪರಿಹಾರ. ಅದರಿಂದ ಇನ್ನೊಂದು ಲಾಭವೂ ಇದೆ: ಕೀಲಿ ತೆಗೆಯುವ ಆ ಅರ್ಧ ಸೆಕೆಂಡಿನಲ್ಲಿ ಕರೆದವನು ತನ್ನ ಅರೇಯನ್ನು ತಿದ್ದಿದರೆ ನಮಗೆ ತಟ್ಟುವುದಿಲ್ಲ.

ಟೈಪ್‌ಸ್ಕ್ರಿಪ್ಟ್ ಈ ನಡುವೆ ತನ್ನದೇ ಪೆಟ್ಟು ಕೊಟ್ಟಿತು. 5.7ರಲ್ಲಿ ಯುಇಂಟ್8ಅರೇ ಜೆನೆರಿಕ್ ಆಯಿತು, ಕೆಳಗಿರುವುದು ಸಾಮಾನ್ಯ ಅರೇಬಫರೋ ಹಂಚಿಕೊಂಡ ಮೆಮೊರಿಯೋ ಎಂಬುದು ಟೈಪ್‌ನಲ್ಲೇ ಕಾಣತೊಡಗಿತು. 5.9ಕ್ಕೆ ಏರಿಸಿದ ದಿನ ಡಿಗೆಸ್ಟ್, ಎನ್‌ಕ್ರಿಪ್ಟ್, ಇಂಪೋರ್ಟ್‌ಕೀ ಎಂಬ ಕರೆಗಳ ಕೆಳಗೆಲ್ಲ ಕೆಂಪು ಗೆರೆ: ಬಫರ್‌ಸೋರ್ಸ್‌ಗೆ ಇದು ಹೊಂದುವುದಿಲ್ಲ ಎಂದು. ಟೈಪ್ ಪರೀಕ್ಷೆಯನ್ನೇ ತಪ್ಪಿಸುವ ಆ್ಯಸ್ ಎನಿ ಎಂದು ಬರೆದು ಬಾಯಿ ಮುಚ್ಚಿಸುವ ಆಸೆಯಾಗುತ್ತದೆ. ಹೊಸ್ತಿಲಲ್ಲಿ ನಕಲು ಮಾಡುವ ಫಂಕ್ಷನ್‌ನ ಉತ್ತರದ ಟೈಪನ್ನು ಅರೇಬಫರ್ ಇರುವ ಯುಇಂಟ್8ಅರೇ ಎಂದು ಬರೆದರೆ ಒಳಗಿನ ಎಲ್ಲ ಗೆರೆಗಳೂ ತಾವಾಗಿ ಮಾಯವಾಗುತ್ತವೆ.

ನಕಲಿ ಬ್ರೌಸರ್, ನಿಜ ಬ್ರೌಸರ್

ಬ್ರೌಸರ್ ಟೆಸ್ಟ್ ಎಂದರೆ ಮೊದಲು ಕೈಹೋಗುವುದು ಟೆಸ್ಟ್ ಓಡಿಸುವ ಜೆಸ್ಟ್ ಮತ್ತು ನೋಡ್‌ನೊಳಗೆ ಬ್ರೌಸರನ್ನು ಅನುಕರಿಸುವ ಜೆಎಸ್‌ಡಾಮ್ ಕಡೆಗೆ. ಈ ಕೆಲಸಕ್ಕೆ ಅದು ಬೇಡ. ಅದರಲ್ಲಿ ವೆಬ್ ಕ್ರಿಪ್ಟೊದ ಫಂಕ್ಷನ್‌ಗಳಿರುವ ಕ್ರಿಪ್ಟೊ.ಸಟಲ್ ಇಲ್ಲ, ಟೆಕ್ಸ್ಟ್‌ಎನ್‌ಕೋಡರ್ ಸಿಗುವುದಿಲ್ಲ. ನೋಡ್‌ನಿಂದ ತಂದು ಅಂಟಿಸಿದರೆ ಯುಇಂಟ್8ಅರೇ ಹೌದೇ ಎಂಬ ಇನ್‌ಸ್ಟೆನ್ಸ್‌ಆಫ್ ಪರೀಕ್ಷೆ ಸುಳ್ಳಾಗುತ್ತದೆ, ಏಕೆಂದರೆ ಟೆಸ್ಟ್ ಓಡುವ ಆವರಣದ ಯುಇಂಟ್8ಅರೇ ಬೇರೆ, ನೋಡ್‌ನದು ಬೇರೆ. ಇಷ್ಟೆಲ್ಲ ತೇಪೆ ಹಚ್ಚಿದ ಮೇಲೂ ಪರೀಕ್ಷೆಯಾಗುವುದು ನೋಡ್ ಬಳಸುವ ಕ್ರಿಪ್ಟೊ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ಲೇ ಹೊರತು ಬ್ರೌಸರ್ ಅಲ್ಲ. ವಿಟೆಸ್ಟ್ ಎಂಬ ಟೆಸ್ಟ್ ಸಾಧನದ ಬ್ರೌಸರ್ ಮೋಡ್ ಮತ್ತು ಬ್ರೌಸರ್‌ಗಳನ್ನು ನಡೆಸುವ ಪ್ಲೇರೈಟ್ ಜೊತೆ ಕ್ರೋಮಿಯಂ, ಫೈರ್‌ಫಾಕ್ಸ್, ವೆಬ್‌ಕಿಟ್ ಮೂರನ್ನೂ ನಿಜವಾಗಿ ಎಬ್ಬಿಸಿ ಓಡಿಸಿದಾಗಲೇ ಕೆಲಸ ಶುರುವಾದದ್ದು.

ಬ್ರೌಸರ್‌ನೊಳಗೆ ಫೈಲ್ ಓದಲಾಗುವುದಿಲ್ಲ, ಆದ್ದರಿಂದ ಮಾದರಿ ದತ್ತಾಂಶವನ್ನು ಜೇಸನ್ ಆಮದಾಗಿ ತರಬೇಕು. ಬ್ರೌಸರ್ ಮಾಡಿದ ಲಕೋಟೆಯನ್ನು ಡಿಸ್ಕ್‌ಗೆ ಬರೆಯಲು ವಿಟೆಸ್ಟ್‌ನ ರೈಟ್‌ಫೈಲ್ ಕಮಾಂಡ್ ಇದೆ. ಹೀಗೆ ನೋಡ್ ಸೇರಿ ನಾಲ್ಕು ಕಡೆ ಲಕೋಟೆ ಬರೆಯುವುದು, ನಾಲ್ಕೂ ಕಡೆ ಎಲ್ಲವನ್ನೂ ಬಿಡಿಸುವುದು. ಒಟ್ಟು 16 ಜೋಡಿ.

ಎಲ್ಲ ಹಸಿರಾದ ಮೇಲೆ ಅದೇ ವೈಫೈನಲ್ಲಿದ್ದ ಫೋನ್‌ನಿಂದ ಕಂಪ್ಯೂಟರಿನ ಐಪಿ ವಿಳಾಸಕ್ಕೆ ಹೋದರೆ ಪುಟ ಸತ್ತುಬಿತ್ತು. ಕ್ರಿಪ್ಟೊ ಇದೆ, ಅದರೊಳಗೆ ಸಟಲ್ ಇಲ್ಲ. ಸಟಲ್ ಸಿಗುವುದು ಸುರಕ್ಷಿತ ಸಂದರ್ಭದಲ್ಲಿ ಮಾತ್ರ: ಎಚ್‌ಟಿಟಿಪಿಎಸ್ ಅಥವಾ ಲೋಕಲ್‌ಹೋಸ್ಟ್. ಬರಿ ಎಚ್‌ಟಿಟಿಪಿಯ ಐಪಿ ವಿಳಾಸ ಅದಕ್ಕೆ ಸೇರದು. ಯಾದೃಚ್ಛಿಕ ಬೈಟ್ ಕೊಡುವ ಗೆಟ್‌ರ‍್ಯಾಂಡಮ್‌ವ್ಯಾಲ್ಯೂಸ್ ಮಾತ್ರ ಅಲ್ಲೂ ಸಿಗುವುದರಿಂದ ಅರ್ಧ ದಾರಿ ಹೋಗಿ ಮುಗ್ಗರಿಸುತ್ತದೆ, ಬರುವ ದೋಷದಿಂದ ಏನೂ ಅರ್ಥವಾಗುವುದಿಲ್ಲ. ಲೈಬ್ರರಿ ತೆರೆದಾಕ್ಷಣ ಸಟಲ್ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಎಚ್‌ಟಿಟಿಪಿಎಸ್ ಬೇಕು ಎಂದು ಸ್ಪಷ್ಟವಾಗಿ ಹೇಳುವ ಮೂರು ಸಾಲು ಬರೆಯಿರಿ. ಗೆಟ್‌ರ‍್ಯಾಂಡಮ್‌ವ್ಯಾಲ್ಯೂಸ್‌ಗೂ ಒಂದು ಮಿತಿಯಿದೆ: ಒಂದು ಕರೆಗೆ 65,536 ಬೈಟ್. ಟೆಸ್ಟ್‌ಗೆಂದು ಒಂದು ಮೆಗಾಬೈಟ್ ಕಸ ಕೇಳಿದರೆ ಕೋಟಾ ಮೀರಿತು ಎಂಬ ದೋಷ ಬರುತ್ತದೆ.

ಪಾಸ್ ಎಂದು ಸುಳ್ಳು ಹೇಳಿದ ಟೆಸ್ಟ್

ಸ್ವಂತ ಬರೆದು ಸ್ವಂತ ಬಿಡಿಸುವ ಟೆಸ್ಟ್‌ನಿಂದ ಏನೂ ಸಾಬೀತಾಗುವುದಿಲ್ಲ. ಹೊರಗಿನ ಮಾದರಿಗಳು ಬೇಕು. ಎಚ್‌ಮ್ಯಾಕ್‌ಗೆ ಆರ್‌ಎಫ್‌ಸಿ 4231, ಎಚ್‌ಕೆಡಿಎಫ್‌ಗೆ ಆರ್‌ಎಫ್‌ಸಿ 5869. ಪಿಬಿಕೆಡಿಎಫ್2ಗೆ ಹುಡುಕಿದರೆ ಮೊದಲು ಸಿಗುವ ಆರ್‌ಎಫ್‌ಸಿ 6070 ಶಾ-1ಕ್ಕೆ ಸೇರಿದ್ದು. ಶಾ-256ರ ಎರಡು ಮಾದರಿಗಳು ಎಸ್‌ಕ್ರಿಪ್ಟ್‌ನ ದಾಖಲೆಯಾದ ಆರ್‌ಎಫ್‌ಸಿ 7914ರ 11ನೇ ಭಾಗದಲ್ಲಿ ಅಡಗಿವೆ. ಒಂದು 1 ಸುತ್ತಿನದು, ಇನ್ನೊಂದು 80,000 ಸುತ್ತಿನದು. ಎಇಎಸ್-ಜಿಸಿಎಂಗೂ ಇಸಿಡಿಎಸ್‌ಎಗೂ ವೈಚ್‌ಪ್ರೂಫ್ ಎಂಬ ಮುಕ್ತ ಸಂಗ್ರಹದ ಮಾದರಿಗಳಿಗಿಂತ ಒಳ್ಳೆಯದಿಲ್ಲ, ಬೇಕೆಂದೇ ಕೆಡಿಸಿದ ಮಾದರಿಗಳು ಅದರಲ್ಲಿ ತುಂಬಿವೆ. ಇಸಿಡಿಎಸ್‌ಎಗೆ ಡಿಇಆರ್ ಫೈಲ್ ಬೇರೆ, ಪಿ1363 ಫೈಲ್ ಬೇರೆ, ಎರಡನೆಯದನ್ನು ತೆಗೆದುಕೊಳ್ಳಿ.

ಜಿಸಿಎಂ ಫೈಲ್‌ನಲ್ಲಿ ಬೇರೆ ಕೀಲಿ ಉದ್ದ, ಬೇರೆ ನಾನ್ಸ್ ಉದ್ದದ ಗುಂಪುಗಳೂ ಇರುತ್ತವೆ. ಲೈಬ್ರರಿಗೆ ಬೇಕಾದದ್ದು ಕೀಲಿ 256, ನಾನ್ಸ್ 96, ಟ್ಯಾಗ್ 128 ಬಿಟ್ ಇರುವ ಗುಂಪು ಮಾತ್ರ ಎಂದು ಸೋಸುವ ಸಾಲು ಬರೆದಾಗ ಒಂದು ಪ್ರಾಪರ್ಟಿಯ ಹೆಸರಿನ ಕಾಗುಣಿತ ತಪ್ಪಿತು. ಸೋಸಿದ ಮೇಲೆ ಉಳಿದದ್ದು ಸೊನ್ನೆ ಮಾದರಿ, ಲೂಪ್ ಒಮ್ಮೆಯೂ ಸುತ್ತಲಿಲ್ಲ, ಟೆಸ್ಟ್ ಹಸಿರು. ಮೂರು ದಿನ ಆ ಹಸಿರನ್ನು ನಂಬಿ ಮುಂದಿನ ಕೆಲಸ ನಡೆದಿತ್ತು. ಓಡಿದ ಮಾದರಿಗಳ ಎಣಿಕೆಯನ್ನೂ ಟೆಸ್ಟ್‌ನಲ್ಲಿ ಖಚಿತ ಸಂಖ್ಯೆಯಾಗಿ ಬರೆದಿಡಿ. ಹೆಕ್ಸ್ ಪಠ್ಯವನ್ನು ಬೈಟ್ ಮಾಡುವ ನಾಲ್ಕು ಸಾಲಿನ ಫಂಕ್ಷನ್‌ನ ಮೇಲೂ ಕಣ್ಣಿರಲಿ. ಖಾಲಿ ಪಠ್ಯಕ್ಕೆ ರೆಜೆಕ್ಸ್ ಮ್ಯಾಚ್ ಕೊಡುವುದು ಖಾಲಿ ಪಟ್ಟಿಯನ್ನಲ್ಲ, ನಲ್ ಅನ್ನು. ಖಾಲಿ ಸಂದೇಶದ ಮಾದರಿಗಳು ಅಲ್ಲಿ ಮುಗ್ಗರಿಸುತ್ತವೆ.

ಆಮೇಲೆ ಬಂದದ್ದು ಒಂದೊಂದೇ ಬಿಟ್ ತಿರುಗಿಸುವ ಟೆಸ್ಟ್. 65 ಬೈಟ್ ಎಂದರೆ 520 ಬಿಟ್. ಯಾವುದನ್ನು ತಿರುಗಿಸಿದರೂ ಲಕೋಟೆ ತೆರೆಯಬಾರದು. ಓಡಿಸಿದರೆ ಮುಗಿಯಲೇ ಇಲ್ಲ. ದೋಷವಿಲ್ಲ, ಕ್ರ್ಯಾಶ್ ಇಲ್ಲ, ಸುಮ್ಮನೆ ಕಾಯುವುದು. ಸುತ್ತುಗಳ ಸಂಖ್ಯೆಯ ಮೊದಲ ಬಿಟ್ ತಿರುಗಿದಾಗ 6,00,000 ಇದ್ದದ್ದು 2,14,80,83,648 ಆಗಿತ್ತು. ಮಾಮೂಲಿಗಿಂತ 3,580 ಪಟ್ಟು. ಅರ್ಧ ಸೆಕೆಂಡಿನ ಕೆಲಸ ಅರ್ಧ ಗಂಟೆಗೆ ಹಿಗ್ಗಿತು. ವೆಬ್ ಕ್ರಿಪ್ಟೊದಲ್ಲಿ ಶುರುವಾದ ಕೆಲಸವನ್ನು ನಡುವೆ ನಿಲ್ಲಿಸುವ ದಾರಿಯಿಲ್ಲ. ಸರ್ವರ್‌ನಲ್ಲಿ ಇದು ಇನ್ನೂ ಅಪಾಯ: ನೋಡ್ ಇಂಥ ಕೆಲಸಕ್ಕೆ ಇಟ್ಟಿರುವುದು ಸಾಮಾನ್ಯವಾಗಿ ನಾಲ್ಕು ಥ್ರೆಡ್. ಇಂಥ ನಾಲ್ಕು ಲಕೋಟೆ ಕಳಿಸಿದರೆ ಫೈಲ್ ಓದುವುದೂ ಡಿಎನ್‌ಎಸ್ ಹುಡುಕುವುದೂ ಸೇರಿ ಎಲ್ಲ ಸಾಲಿನಲ್ಲಿ ನಿಲ್ಲುತ್ತವೆ. ಪಾಸ್‌ವರ್ಡ್ ಗೊತ್ತಿಲ್ಲದವನೂ ಸರ್ವರ್ ಬೀಳಿಸಬಹುದಾದ ಬಾಗಿಲು ಇದು. ತಲೆಬರಹ ದೃಢೀಕೃತವಾಗಿದೆ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು, ದೃಢೀಕರಿಸಲು ಮೊದಲು ಕೀಲಿ ಬೇಕು, ಕೀಲಿಗೆ ಆ ಸುತ್ತುಗಳು ಬೇಕು.

ಮೇಲ್ಮಿತಿ ಹಾಕಿದರೂ ಒಂದು ಉಳಿಯಿತು. ನಾಲ್ಕು ಬೈಟ್‌ಗಳನ್ನು ಎಡಕ್ಕೆ ಸರಿಸಿ ಕೂಡಿಸುವ ಹಳೆಯ ಅಭ್ಯಾಸದಿಂದ ಬರೆದರೆ ಜಾವಾಸ್ಕ್ರಿಪ್ಟ್ ಅದನ್ನು ಚಿಹ್ನೆಯುಳ್ಳ ಸಂಖ್ಯೆ ಎಂದುಕೊಂಡು ಮೈನಸ್ 2,14,68,83,648 ಕೊಡುತ್ತದೆ. ಮೈನಸ್ ಸಂಖ್ಯೆ ಯಾವ ಮೇಲ್ಮಿತಿಯನ್ನೂ ಮೀರುವುದಿಲ್ಲವಲ್ಲ! ಡೇಟಾವ್ಯೂನ ಗೆಟ್‌ಯುಇಂಟ್32 ಬಳಸಿ, ಕೆಳಮಿತಿ ಮೇಲ್ಮಿತಿ ಎರಡನ್ನೂ ಹಾಕಿ. 6 ಲಕ್ಷಕ್ಕಿಂತ ಕಡಿಮೆ ಅಥವಾ 1 ಕೋಟಿಗಿಂತ ಹೆಚ್ಚು ಇದ್ದರೆ ತಿರಸ್ಕರಿಸುವಂತೆ ಮಾಡಿದಾಗ, ಆ 32 ಬಿಟ್ ತಿರುವುಗಳಲ್ಲಿ 16 ಕೀಲಿ ತೆಗೆಯುವ ಮೊದಲೇ ಬಿದ್ದುಹೋದವು. ಉಳಿದವು ಟ್ಯಾಗ್ ತಾಳೆಯಾಗದೆ ಬಿದ್ದವು.

ಪಾಸ್‌ವರ್ಡ್ ಕನ್ನಡದಲ್ಲಿ ಇದ್ದರೆ

ಇಂಗ್ಲಿಷ್ ಪಾಸ್‌ವರ್ಡ್‌ಗಳಲ್ಲಿ ಎಂದೂ ಕಾಣದ ತೊಂದರೆ ಇದು. 'ಕೊ' ಎಂಬ ಅಕ್ಷರದ ಒಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಮೊದಲನೆಯದು 6 ಬೈಟ್, ಎರಡನೆಯದು 9. ಪರದೆಯ ಮೇಲೆ ಎರಡೂ ಒಂದೇ. ಒಂದು ಕೀಬೋರ್ಡ್‌ನಲ್ಲಿ ಇಟ್ಟ ಪಾಸ್‌ವರ್ಡ್ ಇನ್ನೊಂದು ಸಾಧನದಲ್ಲಿ ತಪ್ಪೆನ್ನಿಸಿಕೊಳ್ಳುತ್ತದೆ, ಬಳಕೆದಾರನಿಗೆ ಕಾರಣ ತಿಳಿಯುವ ದಾರಿಯೇ ಇಲ್ಲ. ಬೈಟ್ ಮಾಡುವ ಮೊದಲು ನಾರ್ಮಲೈಸ್ ಕರೆದು, ಜೋಡಿ ಚಿಹ್ನೆಗಳನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಅದು ಪೂರ್ತಿ ಮದ್ದಲ್ಲ. 'ಫೇಸ್‌ಬುಕ್' ಎಂಬಂಥ ಪದದ ನಡುವೆ ಕೂರುವ ಕಾಣದ ಶೂನ್ಯ ಅಗಲದ ಚಿಹ್ನೆಯನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ಅದನ್ನು ತೆಗೆದುಹಾಕಬೇಕೇ ಎಂದು ಬಹಳ ಯೋಚಿಸಿ ಕೊನೆಗೆ ಹಾಗೆಯೇ ಬಿಟ್ಟು ದಾಖಲೆಯಲ್ಲಿ ಹೇಳಿದ್ದಾಯಿತು. ಯಾವುದೇ ನಿಯಮ ಮಾಡಿದರೂ ಮೊದಲ ಬಿಡುಗಡೆಗೆ ಮುಂಚೆ ಮಾಡಿ. ಆಮೇಲೆ ಬದಲಿಸಿದರೆ ಹಳೆಯ ಲಕೋಟೆಗಳು ತೆರೆಯುವುದಿಲ್ಲ.

ಬೇಸ್64 ಕೂಡ ಇದೇ ಬಗೆಯದು. ದೊಡ್ಡ ಅರೇಯನ್ನು ಸ್ಪ್ರೆಡ್ ಮಾಡಿ ಫ್ರಮ್‌ಚಾರ್‌ಕೋಡ್‌ಗೆ ಕೊಟ್ಟರೆ ಸ್ಟ್ಯಾಕ್ ಉಕ್ಕುತ್ತದೆ, ತುಂಡು ತುಂಡಾಗಿ ಮಾಡಬೇಕು. ನೋಡ್‌ನ ಬಫರ್ ತನಗೆ ಗುರುತಿಲ್ಲದ ಅಕ್ಷರಗಳನ್ನು ಸುಮ್ಮನೆ ದಾಟಿಹೋಗುತ್ತದೆ, ಬ್ರೌಸರಿನ ಎಟುಬಿ ಅದೇ ಪಠ್ಯಕ್ಕೆ ದೋಷ ಎಸೆಯುತ್ತದೆ. 65 ಬೈಟ್‌ಗೆ 87 ಅಕ್ಷರ ಎಂದೆನಲ್ಲ, ಕೊನೆಯ ಅಕ್ಷರದಲ್ಲಿ ಎರಡು ಬಿಟ್ ಪೋಲಾಗಿರುತ್ತವೆ. ಆದ್ದರಿಂದ ನಾಲ್ಕು ಬೇರೆ ಬೇರೆ ಪಠ್ಯಗಳು ಒಂದೇ ಲಕೋಟೆಯಾಗಿ ತೆರೆಯುತ್ತವೆ. ಆ ಪಠ್ಯವನ್ನೇ ಡೇಟಾಬೇಸ್‌ನಲ್ಲಿ ಗುರುತಾಗಿ ಬಳಸುವವರಿಗೆ ಇದು ತಲೆನೋವು. ಬಿಡಿಸಿದ ಬೈಟ್‌ಗಳನ್ನು ಮತ್ತೆ ಬೇಸ್64 ಮಾಡಿ, ಬಂದ ಪಠ್ಯಕ್ಕೆ ತಾಳೆಯಾಗದಿದ್ದರೆ ತಿರಸ್ಕರಿಸುವುದು ಸುಲಭದ ದಾರಿ.

ದೋಷ ಸಂದೇಶಗಳ ವಿಷಯ ಬೇಗ ಮುಗಿಸುತ್ತೇನೆ. ಟ್ಯಾಗ್ ತಾಳೆಯಾಗದಾಗ ಕ್ರೋಮ್ ಕೊಡುವ ಆಪರೇಶನ್‌ಎರರ್‌ನಲ್ಲಿ ಸಂದೇಶವೇ ಇರುವುದಿಲ್ಲ. ಎಲ್ಲ ಕಡೆಯ ದೋಷಗಳನ್ನೂ ಹಿಡಿದು ಒಂದೇ ಕೋಡ್ ಕೊಟ್ಟು ಎಸೆಯಿರಿ. ಪಾಸ್‌ವರ್ಡ್ ತಪ್ಪೋ ದತ್ತಾಂಶ ಕೆಟ್ಟಿದೆಯೋ ಎಂದು ಜಿಸಿಎಂ ಬೇರೆ ಮಾಡಿ ಹೇಳಲಾರದು; ಹಾಗೆ ಹೇಳಿ ಎಂದು ಕೇಳುವವರು ಬಂದೇ ಬರುತ್ತಾರೆ.

ಬಿಡುಗಡೆಯ ಹೊತ್ತು

ಟೆಸ್ಟ್ ಮತ್ತು ಬಿಲ್ಡ್‌ಗಳನ್ನು ತಾನಾಗಿ ಓಡಿಸುವ ಸಿಐನಲ್ಲಿ ಕಾಲ ತಿಂದದ್ದು ಎರಡು. ಒಂದು, ಮೂರು ಬ್ರೌಸರ್‌ಗಳ ಡೌನ್‌ಲೋಡ್, ನೂರಾರು ಮೆಗಾಬೈಟ್. ಪ್ಲೇರೈಟ್ ಆವೃತ್ತಿಯನ್ನೇ ಕ್ಯಾಶ್‌ನ ಗುರುತಾಗಿ ಇಟ್ಟರೆ ಆವೃತ್ತಿ ಬದಲಾದಾಗ ಮಾತ್ರ ಮತ್ತೆ ಇಳಿಯುತ್ತದೆ. ಇನ್ನೊಂದು, 6 ಲಕ್ಷ ಸುತ್ತು. ಪ್ರತಿ ಟೆಸ್ಟ್‌ಗೂ ಅಷ್ಟು ಸುತ್ತಿಸಿದರೆ ವಿಟೆಸ್ಟ್‌ನ ಸಮಯಮಿತಿ ಒಂದಲ್ಲ ಒಂದು ಕಡೆ ಮೀರುತ್ತದೆ, ಅದೂ ಒಮ್ಮೆ ಮೀರಿ ಇನ್ನೊಮ್ಮೆ ಮೀರದೆ ಕಾಡುತ್ತದೆ. ಒಳಗಿನ ಫಂಕ್ಷನ್‌ಗೆ ಸುತ್ತುಗಳನ್ನು ಆರ್ಗ್ಯುಮೆಂಟಾಗಿ ಕೊಟ್ಟು ಬಹುಪಾಲು ಟೆಸ್ಟ್‌ಗಳನ್ನು 1,000 ಸುತ್ತಿನಲ್ಲಿ ಮುಗಿಸಿ, ಹೊರಗಿನ ಫಂಕ್ಷನ್‌ನ ಕೆಲವೇ ಟೆಸ್ಟ್‌ಗಳನ್ನು ಪೂರ್ತಿ ಸುತ್ತಿನಲ್ಲಿ ಓಡಿಸಿ. ಆ ಒಳಗಿನ ಫಂಕ್ಷನ್ ಪ್ಯಾಕೇಜ್‌ನಿಂದ ಹೊರಗೆ ಕಾಣಬಾರದು.

ಲಿನಕ್ಸ್‌ನಲ್ಲಿ ಓಡುವ ಪ್ಲೇರೈಟ್ ವೆಬ್‌ಕಿಟ್ ಎಂದರೆ ಸಫಾರಿ ಅಲ್ಲ. ಪುಟ ತೋರಿಸುವ ಎಂಜಿನ್ ಒಂದೇ ಇದ್ದರೂ ಕೆಳಗಿನ ಕ್ರಿಪ್ಟೊ ಬೇರೆ ಲೈಬ್ರರಿಯದು. ಮ್ಯಾಕ್ ಯಂತ್ರದ ನಿಮಿಷಕ್ಕೆ ಲಿನಕ್ಸ್‌ಗಿಂತ ಹಲವು ಪಟ್ಟು ದರವಿರುವುದರಿಂದ ಪ್ರತಿ ಕಮಿಟ್‌ಗೂ ಅದನ್ನು ಓಡಿಸುವುದು ದುಬಾರಿ. ಬಿಡುಗಡೆಗೆ ಮುಂಚೆ ಒಮ್ಮೆ ಓಡಿಸಿದರೆ ಸಾಕು, ಆದರೆ ಬಿಡಬೇಡಿ.

ಪ್ಯಾಕೇಜ್ ಮಾಡುವಾಗ ಹಳೆಯ ಕಾಮನ್‌ಜೆಎಸ್ ಮತ್ತು ಹೊಸ ಇಎಸ್‌ಎಂ ಎಂಬ ಎರಡು ಮಾಡ್ಯೂಲ್ ರೂಪಗಳನ್ನೂ ಕೊಡುವ ಯತ್ನ ಒಂದು ವಾರ ತಿಂದಿತು. ಎರಡು ಪ್ರತಿ ಒಟ್ಟಿಗೆ ಲೋಡ್ ಆದಾಗ ದೋಷದ ಕ್ಲಾಸ್ ಕೂಡ ಎರಡಾಗುತ್ತದೆ, ಇನ್‌ಸ್ಟೆನ್ಸ್‌ಆಫ್ ಸುಳ್ಳಾಗುತ್ತದೆ. ನೋಡ್ 20.19 ಮತ್ತು 22.12ರಿಂದ ಇಎಸ್‌ಎಂ ಪ್ಯಾಕೇಜನ್ನು ರಿಕ್ವೈರ್‌ನಿಂದಲೂ ಫ್ಲ್ಯಾಗ್ ಇಲ್ಲದೆ ತರಬಹುದಾದ್ದರಿಂದ ಕೊನೆಗೆ ಇಎಸ್‌ಎಂ ಒಂದನ್ನೇ ಇಟ್ಟದ್ದು. ಎಕ್ಸ್‌ಪೋರ್ಟ್ಸ್‌ನಲ್ಲಿ ಟೈಪ್ಸ್ ಮೊದಲು, ಡೀಫಾಲ್ಟ್ ಕೊನೆಗೆ. ಕ್ರಮ ತಪ್ಪಿದರೆ ಟೈಪ್‌ಗಳು ಸಿಗುವುದಿಲ್ಲ. ಪ್ಯಾಕ್ ಆಜ್ಞೆಯಿಂದ ಬಂದ ಟಾರ್‌ಬಾಲನ್ನು ಖಾಲಿ ಪ್ರಾಜೆಕ್ಟ್‌ಗಳಲ್ಲಿ ಇನ್‌ಸ್ಟಾಲ್ ಮಾಡಿ ನೋಡಿ: ನೋಡ್‌ನದೊಂದು, ವೀಟ್‌ನದೊಂದು, ವೆಬ್‌ಪ್ಯಾಕ್‌ನದೊಂದು. ಮೊದಲ ಟಾರ್‌ಬಾಲ್‌ನಲ್ಲಿ ವೈಚ್‌ಪ್ರೂಫ್ ಫೈಲ್‌ಗಳೆಲ್ಲ ಸೇರಿಹೋಗಿದ್ದವು. ಪ್ಯಾಕೇಜ್ ಜೇಸನ್‌ನಲ್ಲಿ ಫೈಲ್ಸ್ ಪಟ್ಟಿ ಬರೆದ ಮೇಲೆ ಸರಿಹೋಯಿತು. ಪ್ಯಾಕೇಜ್ ಭಂಡಾರವಾದ ಎನ್‌ಪಿಎಂಗೆ ಏರಿಸುವುದನ್ನು ಸಿಐಗೇ ಬಿಟ್ಟು ಪ್ರಾವನೆನ್ಸ್ ಫ್ಲ್ಯಾಗ್ ಹಾಕಿದರೆ ಯಾವ ಕಮಿಟ್‌ನಿಂದ ಈ ಪ್ಯಾಕೇಜ್ ಹುಟ್ಟಿತು ಎಂಬುದು ಎಲ್ಲರಿಗೂ ಕಾಣುತ್ತದೆ.

ಬಿಡುಗಡೆಯ ದಿನ ಆ 16 ಜೋಡಿಯ ಟೆಸ್ಟ್‌ಗಳಿಂದ ನಾಲ್ಕು ಲಕೋಟೆಗಳನ್ನು, ಒಂದೊಂದು ಕಡೆಯಿಂದ ಒಂದೊಂದು, ತೆಗೆದು ಪಾಸ್‌ವರ್ಡ್ ಸಮೇತ ಒಂದು ಜೇಸನ್ ಫೈಲ್‌ನಲ್ಲಿ ಇಟ್ಟಿದೆ. ಮುಂದಿನ ಎಲ್ಲ ಆವೃತ್ತಿಗಳೂ ಆ ನಾಲ್ಕನ್ನು ತೆರೆಯಲೇಬೇಕು. ಅದನ್ನು ಹೊಸದಾಗಿ ಉತ್ಪಾದಿಸುವ ಸ್ಕ್ರಿಪ್ಟನ್ನು ಬೇಕೆಂದೇ ಅಳಿಸಿಹಾಕಿದೆ. ಆ ಫೈಲ್‌ನ ಶಾ-256 ಮೊತ್ತ ಸಿಐ ಸ್ಕ್ರಿಪ್ಟ್‌ನಲ್ಲಿ ಬರೆದಿದೆ. ಒಂದು ಅಕ್ಷರ ಬದಲಾದರೂ ಬಿಲ್ಡ್ ನಿಲ್ಲುತ್ತದೆ.